ಏಳನೇ ಕಂಬಳಿ

"ಇದೇ ಆಂಟಿ ನನ್ನ ರೂಮು," ಎಂದು ನಿಖಿತಾ ಫೋನನ್ನು ತಾರಾ ಆಂಟಿಯ ಕೈಗಿತ್ತಳು. ನ್ಯೂಜಿಲೆಂಡಿನ ಟೌರಂಗಾದ ನರ್ಸ್ ಕೆಲಸಕ್ಕೆ ರಜೆ ಹಾಕಿ ಪೆರುವಿನ ಬೆಟ್ಟದ ಹಳ್ಳಿಗೆ ವಾಲಂಟಿಯರ್ ಆಗಿ ಹೋದವಳು, ಕೆಚುವಾ ಮಾತಾಡುವ ಕುಟುಂಬವೊಂದರ ಮನೆಯಲ್ಲಿ ಮೂರು ತಿಂಗಳಿದ್ದು ಮೊನ್ನೆಯಷ್ಟೇ ಬಂದಿದ್ದಳು. "ಚಳಿ ಅಂತ ಒಂದ್ಸಲ ಅಂದೆ ಅಷ್ಟೇ. ಮಾರನೇ ದಿನ ಮಂಚದ ಮೇಲೆ ಆರು ಕಂಬಳಿ! ಎಷ್ಟು ಪ್ರೀತಿ ಗೊತ್ತಾ?"

ಆಂಟಿ ಮುಂದಿನ ಫೋಟೋ ನೋಡಿದರು. ಅಡುಗೆಮನೆಯ ನೆಲದ ಮೇಲೆ, ಒಲೆಯ ಪಕ್ಕ, ಮಡಿಸಿಟ್ಟ ಐದು ಕುರಿಚರ್ಮಗಳಿದ್ದವು.

"ಮನೇಲಿ ಎಷ್ಟು ಜನ ಇದ್ರು?"

"ಐದು ಜನ."

"ಎಲ್ಲಿ ಮಲಗ್ತಿದ್ರೇ ಅವರೆಲ್ಲ?"

ಆ ಚರ್ಮಗಳು ಕೂರೋಕೆ ಅಂತಲೇ ಮೂರು ತಿಂಗಳೂ ನಿಖಿತಾ ಅಂದುಕೊಂಡಿದ್ದಳು. ಫೋನ್ ಕಿತ್ತುಕೊಂಡು, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಅವರು ಹೊದೆಯೋಕೆ ಏನಾದರೂ ಇದೆಯಾ ಎಂದು ಅಡುಗೆಮನೆಯ ಮೂಲೆಮೂಲೆ ಹುಡುಕಿದಳು.

ಏಳನೇ ಕಂಬಳಿ ಎಲ್ಲೂ ಇರಲಿಲ್ಲ.