ಹೊರಡೋ ಹೊತ್ತಿನ ರೇಟು

ಫೋನಿನಲ್ಲಿ ಬಂದ ಟಿಕೆಟ್ ರೇಟು ನೋಡಿ ಕಂಡಕ್ಟರ್ ಸಂತೋಷನಿಗೆ ಪಿತ್ತ ನೆತ್ತಿಗೇರಿತು. ಬೆಳಿಗ್ಗೆ ಹೆಬ್ಬೂರಲ್ಲಿ ನೋಡಿದ್ದಕ್ಕಿಂತ ಈಗ ಕುಣಿಗಲ್ ಸ್ಟ್ಯಾಂಡಿನಲ್ಲಿ ಇನ್ನೂ ಮೇಲೆ ಹೋಗಿ ಕೂತಿತ್ತು. ನಾಳೆ ಬೆಂಗಳೂರಿನಿಂದ ಗುವಾಹಟಿಗೆ ಹೋಗೋ ವಿಮಾನ. ನಾಡಿದ್ದು ಬೆಳಿಗ್ಗೆ ಅಲ್ಲಿ ಶಾಟ್‌ಪುಟ್ ಕ್ಯಾಂಪಿಗೆ ಆಯ್ಕೆ. ಗುಂಡು ಎಸೆಯಬೇಕಾದ ತಂಗಿ ತನುಶ್ರೀ ಅದೇ ಗುಂಡಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಅಣ್ಣನ ಮುಖವನ್ನೇ ನೋಡುತ್ತಿದ್ದಳು.

"ನಾನು ನೋಡ್ದಂಗೆಲ್ಲ ಏರಿಸ್ತಾವ್ರೆ ಇವ್ರು," ಅಂದವನೇ ಡ್ರೈವರ್ ಮೂಡಲಗಿರಿಯಪ್ಪನ ಫೋನು ಕಿತ್ತುಕೊಂಡು ಅದರಲ್ಲೂ ನೋಡಿದ. ಅಲ್ಲೂ ಅದೇ ರೇಟು.

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡೋನು ನೀನು," ಅಂದ ಮೂಡಲಗಿರಿಯಪ್ಪ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಾ. "ಅವ್ಳಿಗೆ ಕರೆ ಬಂದ ದಿನವೇ ತಗೊಂಡಿದ್ರೆ ಇಬ್ರೂ ಜುಮ್ಮಂತ ಹೋಗ್ತಿದ್ರಿ."

ಆವತ್ತು ಅಮ್ಮ ರಂಗಲಕ್ಷ್ಮಮ್ಮ ಡೇರಿಗೆ ಹಾಲು ಹಾಕಿ ಕೂಡಿಟ್ಟಿದ್ದನ್ನೆಲ್ಲ ಮಗನ ಅಕೌಂಟಿಗೆ ಹಾಕಿ, "ಹೆಣ್ಮಗೀನ ಒಂಟಿ ಕಳಿಸಕ್ಕಿಲ್ಲ, ಜೊತೇಲಿ ನೀನೂ ಹೋಗು" ಅಂದಿದ್ದಳು. ಆಗ ಅದು ಇಬ್ಬರಿಗೂ ಸಾಲುತ್ತಿತ್ತು. ಕಾಯೋಣ ಅಂದವನು ಇವನೇ. ಎಂಟನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದು ಪ್ರೈವೇಟ್ ಬಸ್ಸಿನ ಬಾಗಿಲು ಹಿಡಿದವನಿಗೆ ಸೀಟಿನ ವ್ಯಾಪಾರ ಯಾರು ಹೇಳಿಕೊಡಬೇಕು? ಹೊರಡೋ ಹೊತ್ತಿಗೆ ಸೀಟು ಉಳಿದಿದ್ದರೆ "ಬಾರಜ್ಜಿ, ಅರ್ಧ ಕೊಡು ಸಾಕು" ಅಂತ ಕೂಗಿ ಹತ್ತಿಸಿಕೊಳ್ಳೋದೇ ಅವನ ಕಸುಬು. ವಿಮಾನದವನೂ ಕೊನೆಗೆ ಹಾಗೇ ಕೂಗುತ್ತಾನೆ ಅಂತ ಕಾದ. ಅವನು ಕೂಗಲಿಲ್ಲ. ದಿನದಿನಕ್ಕೂ ಏರಿಸಿದ. ಆವತ್ತೇ ರೈಲು ಹತ್ತಿದ್ದರೂ ಹೊತ್ತಿಗೆ ಮುಟ್ಟಬಹುದಿತ್ತು; ಈಗ ಹತ್ತಿದರೆ ಇಳಿಯೋದ್ರೊಳಗೆ ಆಯ್ಕೆಯೇ ಮುಗಿದಿರುತ್ತದೆ.

"ಸೀಟು ಖಾಲಿ ಇಟ್ಕೊಂಡು ರೇಟು ಏರಿಸ್ತಾನಲ್ಲ, ಇವ್ನಿಗೇನು ಬಂದಿರೋದು?" ಸಂತೋಷ್ ಹಲ್ಲು ಕಡಿದ.

"ನಿನ್ ಬಸ್ಸಿಗೆ ಕೊನೇಲಿ ಬರೋನು, ಇದಿಲ್ದಿದ್ರೆ ಹಿಂದ್ಲು ಬಸ್ಸು ಅಂತಾನೆ," ಅಂದಳು ತನುಶ್ರೀ. "ಅಲ್ಲಿ ಕೊನೇಲಿ ಬರೋರು ನಮ್ ಥರದೋರು ಕಣಣ್ಣ. ಹೋಗ್ದೇ ಇದ್ರೆ ಆಗಲ್ಲ ಅನ್ನೋರು. ಅದು ಅವ್ನಿಗೆ ಗೊತ್ತು."

ಸಂತೋಷನ ಸಿಟ್ಟು ಹೊರಗೆ ಬೈಯೋಕೆ ಯಾರೂ ಸಿಗದೆ ಒಳಕ್ಕೇ ತಿರುಗಿತು. "ನನ್ ಬೈಕ್ ಮಾರಿಬುಡ್ತೀನಿ."

"ಆ ಡಬ್ಬಾನ ತಗೊಳ್ಳೋಕೆ ಸಂಜೆಯೊಳಗೆ ಯಾರು ಬತ್ತಾರೆ?" ಅಂದಳು ತನುಶ್ರೀ. "ಇಬ್ರು ಅಂತ ಹಾಕಿದೀಯಲ್ಲ, ಒಬ್ರು ಅಂತ ಹಾಕು. ಇರೋ ದುಡ್ಡು ಒಂದಕ್ಕಾಗುತ್ತೆ."

"ಒಬ್ಳೇನಾ? ಅಮ್ಮ ನನ್ನ ಹೊಸಿಲು ತುಳಿಯಕ್ಕೆ ಬುಡಲ್ಲ. ಅಲ್ಲಿ ಭಾಷೆ ಬೇರೆ ಬರಲ್ಲ ನಿಂಗೆ."

"ಗುಂಡಿಗೆ ಯಾವ ಭಾಷೆ? ನಾನು ಎಸೆಯೋವಾಗ ನೀನು ಬಂದು ಕೈ ಹಿಡ್ಕೊಂಡಿರ್ತೀಯಾ? ಬರೋವಾಗ ರೈಲಿಗೆ ಬರ್ತೀನಿ. ಅಮ್ಮಂಗೆ ನಾನೇ ಹೇಳ್ತೀನಿ. ಹಾಕು."

ಅವನ ಬೆರಳು ಫೋನಿನ ಮೇಲೆಯೇ ನಿಂತಿತ್ತು. ಅಷ್ಟರಲ್ಲಿ ಪರದೆ ಒಂದು ಸಲ ಬೆಳ್ಳಗಾಗಿ, ರೇಟು ಇನ್ನೊಂದು ಮೆಟ್ಟಲು ಹತ್ತಿತು. ತನುಶ್ರೀ ಫೋನು ಇಸಿದುಕೊಂಡು ಅಣ್ಣನ ಹೆಸರು ಅಳಿಸಿದಳು, ತನ್ನದೊಂದನ್ನೇ ಉಳಿಸಿದಳು, ದುಡ್ಡು ಕಟ್ಟೋ ಜಾಗಕ್ಕೆ ತಂದು ಅವನ ಕೈಗೇ ಕೊಟ್ಟಳು. ಗುಂಡು ಎಸೆದೂ ಎಸೆದೂ ಅವಳ ಅಂಗೈ ಅವನದಕ್ಕಿಂತ ದಡ್ಡುಗಟ್ಟಿತ್ತು.

ಸಂತೋಷ್ ಒತ್ತಿದ. ಟಿಕೆಟ್ ಬಂತು. ಅವನಿಗೇ ಗೊತ್ತಿಲ್ಲದಂತೆ ಅವನ ಕೈ ಬಸ್ಸಿನ ತಗಡಿಗೆ ಎರಡು ಏಟು ಬಡಿಯಿತು.

"ರೈಟ್, ರೈಟ್."

ಮೂಡಲಗಿರಿಯಪ್ಪ ಬೆಚ್ಚಿ ಎದ್ದು, ಅಭ್ಯಾಸಬಲದಲ್ಲಿ ಗಾಡಿ ಸ್ಟಾರ್ಟ್ ಮಾಡೇಬಿಟ್ಟ. ಬಸ್ಸು ಸ್ಟ್ಯಾಂಡ್ ದಾಟುವಾಗ ಕನ್ನಡಿಯಲ್ಲಿ ಹಿಂದೆ ನೋಡಿ ಗಾಬರಿಯಾದ.

"ಏನ್ಲಾ, ಸೀಟೆಲ್ಲ ಖಾಲಿ ಐತೆ. ಯಾರ್ನೂ ಕೂಗ್ಲಿಲ್ವಲ್ಲೋ?"

"ನಡಿಯಣ್ಣ," ಅಂದ ಸಂತೋಷ್, ಬಾಗಿಲಲ್ಲಿ ನಿಂತು ತಂಗಿಯ ಕಡೆ ನೋಡುತ್ತಾ. "ಹೋಗೋರು ಹತ್ತವ್ರೆ."