ಅಳಿವೆಗೆ ಬಿಟ್ಟ ಕಾಯಿ

ಮಳೆಗಾಲ ಕಳೆದು ಹಾಯಿಹಡಗು ಮೊದಲ ಸಲ ಕಡಲಿಗೆ ಹೊರಟಿತ್ತು. ಈ ವರ್ಷ ಚುಕ್ಕಾಣಿ ಮಾವನಿಂದ ಅಳಿಯನ ಕೈಗೆ ಬಂದಿತ್ತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರಿಗೊಂದು ತೆಂಗಿನಕಾಯಿ ಬಿಟ್ಟೇ ಮುಂದೆ ಹೋಗುವುದು ಪದ್ಧತಿ.

“ನೀವು ಕಾಯಿ ಬಿಡ್ತಿದ್ದ ಚಂದ ನೋಡಿದ್ದೇನೆ ಮಾವ,” ಅಳಿಯ ಮೂತಿ ತಿರುವಿದ. “ಕೈ ಮುಗಿಯೋದಿಲ್ಲ, ಕಣ್ಣು ಮುಚ್ಚೋದಿಲ್ಲ. ದೇವರಿಗೆ ಕೊಟ್ಟ ಕಾಯಿಯನ್ನ ಹಸಿದ ನಾಯಿ ಹಾಗೆ ನೋಡ್ತಾ ನಿಲ್ಲೋದು. ಥೂ!”

“ಹಾಗಲ್ಲ ಮಾರಾಯ, ಆ ಕಾಯಿ...”

“ಭಕ್ತಿ ಇಲ್ಲದವರು ನನಗೆ ಕಲಿಸ್ಬೇಡಿ. ಸುಮ್ನೆ ಹಿಂದೆ ಹೋಗಿ ಕೂತ್ಕೊಳ್ಳಿ.”

ಮುದುಕ ಹಿಂದೆ ಹೋಗಿ ಬೆನ್ನು ತಿರುಗಿಸಿ ಕೂತ. ಅಳಿಯ ಕಾಯಿಗೆ ಕುಂಕುಮ ಹಚ್ಚಿ ನೀರಿಗೆ ಬಿಟ್ಟು, ಕೈ ಮುಗಿದು ಕಣ್ಣು ಮುಚ್ಚಿದ. ಹಡಗಿನ ಆಳುಗಳಾದ ಖಲಾಸಿಗಳೂ ಮುಚ್ಚಿದರು. ತೆರೆದಾಗ ಕಾಯಿ ಕಾಣಲಿಲ್ಲ. ದೇವರು ಒಪ್ಪಿಸಿಕೊಂಡ ಎಂದು ಹಿಗ್ಗಿ ಅವನು ಹಾಯಿ ಬಿಚ್ಚಿಸಿದ.

ಸ್ವಲ್ಪ ಹೊತ್ತಿಗೆಲ್ಲ ಹಡಗು, ಮಳೆಗಾಲದ ನೆರೆ ಹೊಸದಾಗಿ ಒಟ್ಟಿದ್ದ ಮರಳದಿಬ್ಬಕ್ಕೆ ಗುದ್ದಿ ವಾಲಿತು. ಅಲೆ ಒಳಗೆ ನುಗ್ಗಿತು.

“ಮಾವಾ, ಆಳದ ನೀರು ಎಲ್ಲಿದೆ? ಯಾವ ಕಡೆ ತಿರುಗಿಸ್ಲಿ?” ಅಳಿಯ ಕಿರುಚಿದ.

“ಕಾಯಿ ತೇಲಿಹೋದ ಕಡೆಗೆ,” ಎಂದ ಮುದುಕ.