ಪ್ರೇಯರ್ ಲೈನಿನಲ್ಲಿ ಕೆಂಪು ಕೈ

ಆಗ ಸ್ಯಾನಿಟೈಸರ್ ಇರಲಿಲ್ಲ... ಹ್ಯಾಂಡ್‌ವಾಶ್ ಬಾಟಲಿಯೂ ಇರಲಿಲ್ಲ.

ಶಾಲೆಯ ನಲ್ಲಿಗೆ ಹುರಿಯಿಂದ ಕಟ್ಟಿದ ಒಂದು ಸೋಪಿನ ತುಂಡು. ಇಡೀ ಶಾಲೆಗೆ ಅದೇ!

ಪ್ರೇಯರ್ ಮುಗಿದ ಕೂಡಲೇ "ಕೈ ಚಾಚಿ!" ಎನ್ನುವ ಕೂಗು. ಉಗುರು ಬೆಳೆದಿದ್ದರೆ ಬೆರಳಿನ ಗಂಟಿಗೆ ಸ್ಕೇಲಿನ ಏಟು. ಹಿಂದಿನ ಸಾಲಿನವರು ಗಡಿಬಿಡಿಯಲ್ಲಿ ಹಲ್ಲಿನಿಂದಲೇ ಉಗುರು ಕಚ್ಚಿ ಉಗುಳುತ್ತಿದ್ದರು... ನೆನಪಿದೆಯಾ?

ನೂಲಿಗೆ ಬಣ್ಣ ಹಾಕಿ ಸೀರೆ ನೇಯುವ ಊರು ಅದು. ರಾಚವ್ವ ಅಲ್ಲಿ ನಾಲ್ಕನೇ ಕ್ಲಾಸು.

ಅವಳ ಅವ್ವ ಗುರುಸಿದ್ದವ್ವ ಬಣ್ಣದ ಹಂಡೆಯಿಂದ ನೂಲು ತೆಗೆದುಕೊಟ್ಟರೆ, ಮಗಳು ಶಾಲೆಗೆ ಹೊರಡುವ ಮುಂಚೆ ಅದನ್ನು ಒಣಹಾಕುತ್ತಿದ್ದಳು. ಹಾಗಾಗಿ ಅವಳ ಅಂಗೈ ಸದಾ ಕೆಂಪು.

ಊರಿಗೆ ಅದು ಹೊಸದಲ್ಲ. ಹೊಸಬರು ವನಮಾಲಾ ಟೀಚರ್... ಮೈಸೂರು ಕಡೆಯಿಂದ ವರ್ಗವಾಗಿ ಬಂದವರು.

"ಏನಮ್ಮಾ ಇದು ಕೈ? ಹೋಗು, ತೊಳ್ಕೊಂಡು ಬಾ."

ರಾಚವ್ವ ಓಡಿದಳು. ತಿಕ್ಕಿ ತಿಕ್ಕಿ ತೊಳೆದಳು. ವಾಪಸ್ ಬಂದರೂ ಕೆಂಪೇ!

"ನಾಟಕ ಆಡ್ತೀಯಾ? ಹೊರಗೆ ನಿಂತ್ಕೋ!"

"ಏ, ಕೆಂಪ್ ಕೈ ದೆವ್ವ ಬಂತಲೇ, ಓಡ್ರೋ!" ಎಂದು ಹುಡುಗರು ಕೂಗಿದರು.

ಅವರಲ್ಲಿ ನೇಕಾರರ ಮಕ್ಕಳೂ ಇದ್ದರು. ನಿಜ ಗೊತ್ತಿದ್ದವರೇ! ನಗುವುದಕ್ಕೆ ಬಂದ ಬಾಯಿ ಹೇಳುವುದಕ್ಕೆ ಬರಲಿಲ್ಲ...

ಅವತ್ತು ಸಂಜೆ ರಾಚವ್ವ ಹಿತ್ತಿಲಲ್ಲಿ ಕೂತು ಕಲ್ಲಿನಿಂದ ಅಂಗೈ ಉಜ್ಜಿದಳು. ಚರ್ಮ ಕಿತ್ತು ಬಂತು... ಬಣ್ಣ ಹೋಗಲಿಲ್ಲ.

ಮರುದಿನ ಪಾಟೀಚೀಲ ಮೂಲೆಗೆ ಬಿತ್ತು. "ನಾ ಇನ್ನ ಸಾಲಿಗೆ ಹೋಗಂಗಿಲ್ಲ."

ಹೀಗೇ ವಾರ ಕಳೆಯಿತು. ಒಂದು ಮಧ್ಯಾಹ್ನ ಮಣ್ಣಿನಲ್ಲಿ ಆಡಿ ಬಂದವಳು ಹಾಗೇ ರೊಟ್ಟಿಗೆ ಕೈ ಹಾಕಿದಳು.

"ಏ ಹುಚ್ಚಿ, ಕೈ ತೊಳಕೊಂಡ ಕುಂದ್ರ!" ಎಂದಳು ಅವ್ವ.

"ಯಾಕ ತೊಳೀಬೇಕ? ಎಷ್ಟ ತೊಳದ್ರೂ ನಾ ಹೊಲಸಂತ... ಮತ್ಯಾಕ ತೊಳೀಲಿ?"

ಹುಡುಗಿ ಯಾಕೆ ಬರುತ್ತಿಲ್ಲ ಎಂದು ವಿಚಾರಿಸಲು ಬಂದಿದ್ದ ಟೀಚರ್ ಹೊಸ್ತಿಲಲ್ಲೇ ನಿಂತುಬಿಟ್ಟರು.

ಹಂಡೆ ನೋಡಿದರು. ತೊಟ್ಟಿಕ್ಕುವ ಕೆಂಪು ನೂಲು ನೋಡಿದರು. ಮೊಣಕೈವರೆಗೂ ಕೆಂಪಾಗಿದ್ದ ಗುರುಸಿದ್ದವ್ವನ ಕೈ ನೋಡಿದರು... ಆಮೇಲೆ ಆ ಸುಲಿದ ಪುಟ್ಟ ಅಂಗೈ.

"ಬರ್ರಿ ಅಕ್ಕೋರ. ಭಾಳ ಹಟಮಾರಿ ಆಗ್ಯಾಳ ನೋಡ್ರಿ ಇಕಿ. ನೀವ ಎರಡ ಬಾರಿಸ್ರಿ," ಎಂದಳು, ಮಗಳನ್ನು ಹೊರಗೆ ನಿಲ್ಲಿಸಿದ್ದು ಇವರೇ ಎಂದು ಅರಿಯದ ತಾಯಿ.

ಟೀಚರ್ ಬಳೆ ಮೇಲೆ ಸರಿಸಿ, ತಣ್ಣಗಾಗಿದ್ದ ಬಣ್ಣದ ಹಂಡೆಯಲ್ಲಿ ಎರಡೂ ಕೈ ಅದ್ದಿಬಿಟ್ಟರು!

"ಅಯ್ಯ ಅಕ್ಕೋರ! ಏನ್ ಮಾಡಾಕತ್ತೀರಿ? ಲಗೂನ ಹೋಗಂಗಿಲ್ರಿ ಅದು!"

"ಹೋಗೋದು ಬೇಡ ಬಿಡಿ." ಟೀಚರ್ ಹುಡುಗಿಯ ಕಡೆ ತಿರುಗಿದರು. "ನಾಳೆ ಬಾ ಕಂದ... ನನ್ನ ಕೈ ನೋಡೋಕೆ ಯಾರಾದ್ರೂ ಬೇಕು."

ಮರುದಿನ ರಾಚವ್ವ ಬಂದಳು... ಆದರೆ ಗೇಟಿನ ಹತ್ತಿರವೇ ನಿಂತಳು. ಪ್ರೇಯರ್ ಮುಗಿಯಿತು. ಟೀಚರ್ ನೇರವಾಗಿ ಅವಳ ಬಳಿಗೇ ನಡೆದು, ಎಲ್ಲರ ಮುಂದೆ ಕೈ ಚಾಚಿದರು.

"ಇವತ್ತು ನೀನು ನೋಡಿ ಹೇಳು."

ಸಾಲಿನಲ್ಲಿದ್ದ ಮಕ್ಕಳೆಲ್ಲ ಕತ್ತು ಚಾಚಿದರು.

ರಾಚವ್ವ ಒಂದೊಂದೇ ಬೆರಳು ತಿರುಗಿಸಿ ನೋಡಿದಳು. ಮೂಸಿದಳು.

"ಉಗುರ ತಗದೀರಿ... ಸಬಕಾರದ ವಾಸನಿ ಬರಾಕತ್ತೈತಿ... ಸ್ವಚ್ಛ ಅದಾವ್ರಿ ಅಕ್ಕೋರ."

"ಕೆಂಪಗಿದೆಯಲ್ಲಮ್ಮಾ?"

"ಅದ ಬಣ್ಣ ರೀ!" ಹುಡುಗಿಯ ದನಿ ಮೊದಲ ಸಲ ಜೋರಾಯಿತು. "ಹೊಲಸಲ್ರಿ ಅದು!"

ಟೀಚರ್ ಕಣ್ಣು ತುಂಬಿ ಬಂತು. ಮಣ್ಣಿನಲ್ಲೇ ಮಂಡಿಯೂರಿದರು. "ಹೌದು ಕಂದ... ನನಗೆ ಗೊತ್ತಾಗ್ಲಿಲ್ಲ. ತಪ್ಪಾಯ್ತು."

ಆಮೇಲೆ ಅವಳ ಕೈ ಹಿಡಿದು ಮೆಲ್ಲಗೆ ಅಂದರು, "ಆದ್ರೆ ನಿನ್ನ ಉಗುರಲ್ಲಿ ಮಣ್ಣಿದೆ ನೋಡು ಕಳ್ಳಿ. ಬಾ, ಇಬ್ರೂ ತೊಳ್ಕೊಳ್ಳೋಣ."

ಇಬ್ಬರೂ ನಲ್ಲಿಯ ಕೆಳಗೆ ಕೈ ಒಡ್ಡಿದರು.

ಮಣ್ಣು ಹೋಯಿತು... ಬಣ್ಣ ಉಳಿಯಿತು. ರಾಚವ್ವ ನಗುತ್ತಾ ಲೈನಿಗೆ ಸೇರಿದಳು.

ಮಕ್ಕಳಿಗೆ ಶುಚಿತ್ವ ಕಲಿಸಿ... ತಮ್ಮ ಮೇಲೆ ತಮಗೇ ಹೇಸಿಕೆ ಬರುವ ಹಾಗೆ ಮಾತ್ರ ಮಾಡಬೇಡಿ.

ಇವತ್ತು ನೀವೂ ಒಂದು ಮಗುವಿಗೆ "ಛೀ, ಹೊಲಸು" ಅಂದಿರಬಹುದು... ಅಂದದ್ದು ಕೊಳೆಗೋ, ಮಗುವಿಗೋ?